ಕರುಳಿನ ಹಾರ್ಮೋನು, ಹೊಟ್ಟೆಯ ನರ: ಪದೇ ಪದೇ ಕೇಳುವ ಪ್ರಶ್ನೆಗಳು

ಜೀರ್ಣಾಂಗದ ನರಗಳ ಬಗ್ಗೆ ಮಾತಾಡಿದಾಗ, ಬರೆದಾಗ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕಾಲೇಜಿನ ಹುಡುಗರು ಕೇಳಿದ್ದಾರೆ. ಓದುಗರು ಪತ್ರದಲ್ಲಿ ಕೇಳಿದ್ದಾರೆ. ಶುಗರ್ ಮಾತ್ರೆ ನುಂಗುವ ಹಿರಿಯರೂ ಕೇಳಿದ್ದಾರೆ. ಪ್ರಶ್ನೆಗಳನ್ನು ಅವರವರ ಮಾತಲ್ಲೇ ಇಟ್ಟಿದ್ದೇನೆ. ಸುಲಭವಾದವು ಮೊದಲು, ಕಷ್ಟದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಅರ್ಥವಾಗುತ್ತದೆ.

## ಮೊದಲು ತಿಳಿಯಬೇಕಾದ್ದು

ಹಾರ್ಮೋನು ಅಂದ್ರೆ ಥೈರಾಯ್ಡು, ಇನ್ಸುಲಿನ್ನು ಅಷ್ಟೇ ಅಲ್ವಾ? ಕರುಳಿಗೂ ಹಾರ್ಮೋನಾ?

ಹೌದು. ಹಾರ್ಮೋನು ಎಂಬ ವಿಚಾರ ಶುರುವಾಗಿದ್ದೇ ಕರುಳಿನಿಂದ. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಸಣ್ಣ ಕರುಳಿನ ಒಳಪದರದಲ್ಲಿ ಸಿಕ್ರೀಟಿನ್ ಎಂಬ ವಸ್ತುವನ್ನು ಕಂಡರು. ಹಾರ್ಮೋನು ಎಂಬ ಹೆಸರನ್ನು ಸ್ಟಾರ್ಲಿಂಗ್ ಬಳಸಿದ್ದು ಅದಾದ ಮೂರು ವರ್ಷಕ್ಕೆ.

ಜಠರದಿಂದ ದೊಡ್ಡ ಕರುಳಿನವರೆಗೆ ಒಳಪದರದಲ್ಲಿ ಹಾರ್ಮೋನು ಮಾಡುವ ಕೋಶಗಳು ಚದುರಿಕೊಂಡಿವೆ. ಹತ್ತಿರದ ಬೇರೆ ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಇರುತ್ತವೆ. ಈ ಬರಹದಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು ಕೆಲವೇ. ಸಿಸಿಕೆ, ಅಂದರೆ ಕೋಲಿಸಿಸ್ಟೋಕೈನಿನ್, ಸಣ್ಣ ಕರುಳಿನ ಮೊದಲ ಭಾಗದಿಂದ ಬರುತ್ತದೆ. ಜಿಎಲ್‌ಪಿ-1 ಮುಖ್ಯವಾಗಿ ಸಣ್ಣ ಕರುಳಿನ ಕೊನೆ ಮತ್ತು ದೊಡ್ಡ ಕರುಳಿನಿಂದ ಬರುತ್ತದೆ. ಗ್ರೆಲಿನ್ ಜಠರದ್ದು. ಮೊಟಿಲಿನ್ ಮತ್ತೆ ಸಣ್ಣ ಕರುಳಿನದು.

ರಿಸೆಪ್ಟರ್ ಅಂದ್ರೇನು? ಅದು ನರದ ಮೇಲೆ ಯಾಕಿರಬೇಕು?

ರಿಸೆಪ್ಟರ್ ಎಂದರೆ ಕೋಶದ ಹೊರಪೊರೆಯಲ್ಲಿ ನಾಟಿಕೊಂಡಿರುವ ಒಂದು ಪ್ರೋಟೀನು. ತನಗೆ ಹೊಂದುವ ಹಾರ್ಮೋನು ಬಂದು ಕೂತರೆ ಅದರ ಆಕಾರ ಬದಲಾಗುತ್ತದೆ. ಆ ಬದಲಾವಣೆ ಕೋಶದ ಒಳಗೆ ಕೆಲಸ ಶುರುಮಾಡುತ್ತದೆ. ರಿಸೆಪ್ಟರ್ ಇಲ್ಲದ ಕೋಶಕ್ಕೆ ಆ ಹಾರ್ಮೋನು ಎಷ್ಟು ಬಂದರೂ ಗೊತ್ತೇ ಆಗುವುದಿಲ್ಲ.

ನರದ ಮೇಲೆ ಯಾಕೆ ಎಂಬುದು ಒಳ್ಳೆಯ ಪ್ರಶ್ನೆ. ಕರುಳಿನ ಹಾರ್ಮೋನುಗಳ ಆಯಸ್ಸು ಬಹಳ ಕಡಿಮೆ. ಜಿಎಲ್‌ಪಿ-1 ರಕ್ತಕ್ಕೆ ಸೇರಿದ ಮೇಲೆ ಸುಮಾರು ಎರಡೇ ನಿಮಿಷದಲ್ಲಿ ಅರ್ಧದಷ್ಟು ಹಾಳಾಗುತ್ತದೆ. ಡಿಪಿಪಿ-4 ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಕರುಳಿನ ರಕ್ತನಾಳ ದಾಟುವ ಮೊದಲೇ ಬಹುಪಾಲು ಮುಗಿದಿರುತ್ತದೆ. ಮಿದುಳಿನವರೆಗೆ ಹೋಗಿ ಸುದ್ದಿ ಹೇಳುವಷ್ಟು ಉಳಿಯುವುದು ತೀರಾ ಕಡಿಮೆ. ಆದರೆ ಹಾರ್ಮೋನು ಹುಟ್ಟಿದ ಜಾಗದ ಪಕ್ಕದಲ್ಲೇ ನರದ ತುದಿ ಇದೆ. ಅಲ್ಲಿ ಹಾರ್ಮೋನಿನ ಸಾಂದ್ರತೆ ಜಾಸ್ತಿ. ಗುಡಿಯ ಮೈಕಿನಲ್ಲಿ ಇಡೀ ಊರಿಗೆ ಕೂಗುವುದು ಒಂದು ರೀತಿ, ಪಕ್ಕದಲ್ಲಿ ಕೂತವರ ಕಿವಿಯಲ್ಲಿ ಹೇಳುವುದು ಇನ್ನೊಂದು ರೀತಿ. ಕರುಳಿನ ಹಾರ್ಮೋನು ಎರಡನ್ನೂ ಮಾಡುತ್ತದೆ. ಎರಡನೆಯದನ್ನು ನಾವು ತುಂಬಾ ದಿನ ಸರಿಯಾಗಿ ಗಮನಿಸಲಿಲ್ಲ.

ಹೊಟ್ಟೆಗೆ ಹೋಗೋ ನರ ಯಾವುದು? ಎಲ್ಲಿಂದ ಬರುತ್ತೆ?

ಮುಖ್ಯವಾದದ್ದು ವೇಗಸ್ ನರ. ಮಿದುಳಿನ ಬುಡದಿಂದ ಹೊರಟು, ಕುತ್ತಿಗೆಯ ಎರಡೂ ಬದಿಯಲ್ಲಿ ಇಳಿದು, ಎದೆ ದಾಟಿ, ಅನ್ನನಾಳದ ಜೊತೆಗೇ ಹೊಟ್ಟೆಗೆ ಬರುತ್ತದೆ. ಜಠರ, ಯಕೃತ್ತು, ಸಣ್ಣ ಕರುಳು, ದೊಡ್ಡ ಕರುಳಿನ ಮೊದಲ ಭಾಗ, ಎಲ್ಲಕ್ಕೂ ಕವಲು ಕೊಡುತ್ತದೆ.

ಈ ನರ ಮಿದುಳಿನ ಆಜ್ಞೆಯನ್ನು ಹೊಟ್ಟೆಗೆ ತರುವುದಕ್ಕೇ ಇದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಿಜ ಸ್ಥಿತಿ ಉಲ್ಟಾ. ಅದರ ಎಳೆಗಳಲ್ಲಿ ಸುಮಾರು 80 ಶೇಕಡ ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಈ ಸುದ್ದಿ ಒಯ್ಯುವ ನರಕೋಶಗಳ ಒಡಲು ಇರುವುದು ತಲೆಬುರುಡೆಯ ಕೆಳಗೆ, ಕುತ್ತಿಗೆಯಲ್ಲಿ. ಆ ಗಂಟಿಗೆ ನೋಡೋಸ್ ಗ್ಯಾಂಗ್ಲಿಯಾನ್ ಎನ್ನುತ್ತಾರೆ. ಹಾರ್ಮೋನಿನ ರಿಸೆಪ್ಟರ್ ತಯಾರಾಗುವುದು ಅಲ್ಲೇ. ಅಲ್ಲಿಂದ ಎಳೆಯ ಉದ್ದಕ್ಕೂ ಸಾಗಿ ಕರುಳಿನ ತುದಿಗೆ ಬರುತ್ತದೆ.

ಇದರ ಜೊತೆಗೆ ಬೆನ್ನುಹುರಿಯಿಂದ ಬರುವ ನರಗಳೂ ಇವೆ. ಅವು ಹೆಚ್ಚಾಗಿ ನೋವಿನ ಸುದ್ದಿ ಒಯ್ಯುತ್ತವೆ. ಕರುಳಿನ ಗೋಡೆಯೊಳಗೇ ಕೋಟಿಗಟ್ಟಲೆ ನರಕೋಶಗಳಿರುವ ಸ್ವಂತ ಜಾಲವೊಂದಿದೆ. ವೇಗಸ್ ಕಡಿದುಹೋದರೂ ಅದು ತನ್ನ ಪಾಡಿಗೆ ಕರುಳನ್ನು ನಡೆಸುತ್ತದೆ.

ಹೊಟ್ಟೆ ತುಂಬಿದ್ದು ಮಿದುಳಿಗೆ ಗೊತ್ತಾಗೋಕೆ ಇಪ್ಪತ್ತು ನಿಮಿಷ ಬೇಕಂತೆ. ನಿಜಾನಾ?

ಅಷ್ಟು ಕರಾರುವಾಕ್ಕಾದ ಗಡಿಯಾರ ಯಾವುದೂ ಇಲ್ಲ. ಜಠರ ಹಿಗ್ಗಿದ ಸುದ್ದಿ ಆ ಕ್ಷಣಕ್ಕೇ ಹೋಗುತ್ತದೆ. ಸಿಸಿಕೆ ರಕ್ತದಲ್ಲಿ ಏರುವುದು ಊಟ ಶುರುವಾದ ಸುಮಾರು ಕಾಲು ಗಂಟೆ, ಅರ್ಧ ಗಂಟೆಯೊಳಗೆ. ಜಿಎಲ್‌ಪಿ-1 ಇನ್ನೂ ಹೊತ್ತು ಏರಿಯೇ ಇರುತ್ತದೆ. ಸಾಕು ಎನ್ನುವ ಭಾವನೆ ಇವೆಲ್ಲ ಸೇರಿ ಬರುವಂಥದ್ದು. ನಿಧಾನವಾಗಿ ಉಂಡರೆ ಒಳ್ಳೆಯದು ಎನ್ನುವ ಸಲಹೆಗೆ ಆಧಾರ ಇದೆ. ಇಪ್ಪತ್ತು ಎಂಬ ಅಂಕಿಗೆ ಅಷ್ಟು ಇಲ್ಲ.

ಹಸಿದಾಗ ಹೊಟ್ಟೆ ಗುರ್ ಅನ್ನೋದು ಯಾಕೆ?

ಇದಕ್ಕೆ ಮೊಟಿಲಿನ್ ಕಾರಣ. ಹೊಟ್ಟೆ ಖಾಲಿ ಇರುವಾಗ ಸುಮಾರು ಒಂದೂವರೆ, ಎರಡು ಗಂಟೆಗೊಮ್ಮೆ ಜಠರದಿಂದ ಒಂದು ದೊಡ್ಡ ಹಿಂಡುವ ಅಲೆ ಹೊರಟು ಸಣ್ಣ ಕರುಳಿನ ತುದಿಯವರೆಗೆ ಸಾಗುತ್ತದೆ. ಉಳಿದ ಚೂರುಪಾರು, ಲೋಳೆ, ಬ್ಯಾಕ್ಟೀರಿಯಾ ಎಲ್ಲವನ್ನೂ ಮುಂದಕ್ಕೆ ತಳ್ಳುತ್ತದೆ. ಜಠರದ ಅಲೆಗೆ ಮೊದಲು ಮೊಟಿಲಿನ್ ಏರುತ್ತದೆ. ಅದರ ರಿಸೆಪ್ಟರ್ ಇರುವುದು ಜಠರದ ಗೋಡೆಯ ನರಗಳಲ್ಲಿ ಮತ್ತು ಸ್ನಾಯುವಿನಲ್ಲಿ. ಒಂದು ತುತ್ತು ತಿಂದರೂ ಸಾಕು, ಈ ಅಲೆ ನಿಲ್ಲುತ್ತದೆ.

ಎರಿಥ್ರೊಮೈಸಿನ್ ಮಾತ್ರೆ ತಿಂದವರಿಗೆ ಹೊಟ್ಟೆ ನುಲಿಯುವುದು ಗೊತ್ತಿರಬಹುದು. ಬ್ಯಾಕ್ಟೀರಿಯಾ ಕೊಲ್ಲುವ ಈ ಔಷಧ ಮೊಟಿಲಿನ್ ರಿಸೆಪ್ಟರ್ ಮೇಲೂ ಹೋಗಿ ಕೂರುತ್ತದೆ. ಈ ಗುಣವನ್ನೇ ಬಳಸಿ, ಜಠರ ಜಡವಾಗಿರುವ ರೋಗಿಗಳಿಗೆ ಕಡಿಮೆ ಪ್ರಮಾಣದಲ್ಲಿ ಇದನ್ನು ಕೊಡುವುದುಂಟು. ಇಲಿ, ಹೆಗ್ಗಣಗಳಿಗೆ ಕೆಲಸ ಮಾಡುವ ಮೊಟಿಲಿನ್ ಇಲ್ಲವೇ ಇಲ್ಲ. ಇಲಿಯ ಮೇಲೆ ಮಾಡಿದ ಪ್ರಯೋಗವನ್ನು ನಮಗೆ ಹಾಗೇ ಅನ್ವಯಿಸಬಾರದು ಎನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು.

## ಸ್ವಲ್ಪ ಒಳಗೆ ಹೋದರೆ

ಸಿಸಿಕೆ ನರದ ಮೂಲಕವೇ ಕೆಲಸ ಮಾಡುತ್ತೆ ಅಂತ ಹೇಗೆ ಗೊತ್ತಾಯ್ತು?

ಈ ವಿಷಯದ ಹೃದಯ ಇದೇ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

1928ರಲ್ಲಿ ಸಿಸಿಕೆಯನ್ನು ಗುರುತಿಸಿದ್ದು ಪಿತ್ತಕೋಶವನ್ನು ಹಿಂಡುವ ವಸ್ತು ಎಂದು. ಹಸಿವೆಗೂ ಅದಕ್ಕೂ ಸಂಬಂಧ ಇದೆ ಎಂದು ಯಾರೂ ಎಣಿಸಿರಲಿಲ್ಲ. 1973ರಲ್ಲಿ ನ್ಯೂಯಾರ್ಕಿನಲ್ಲಿ ಜೇಮ್ಸ್ ಗಿಬ್ಸ್, ರಾಬರ್ಟ್ ಯಂಗ್, ಜೆರಾರ್ಡ್ ಸ್ಮಿತ್ ಹಸಿದ ಇಲಿಗಳಿಗೆ ಸಿಸಿಕೆ ಚುಚ್ಚಿದರು. ಇಲಿಗಳು ಕಡಿಮೆ ತಿಂದವು. ಕಾಯಿಲೆಬಿದ್ದಂತೆ ಮುದುರಿಕೊಳ್ಳಲಿಲ್ಲ. ಹೊಟ್ಟೆ ತುಂಬಿದ ಇಲಿ ಹೇಗೆ ಮೈ ನೆಕ್ಕಿಕೊಂಡು ಮಲಗುತ್ತದೋ ಹಾಗೇ ಮಾಡಿದವು ಎಂದು ಮುಂದಿನ ಪ್ರಯೋಗಗಳು ತೋರಿಸಿದವು.

ಆಮೇಲಿನ ಪ್ರಶ್ನೆ: ಸಿಸಿಕೆ ನೇರ ಮಿದುಳಿಗೆ ಹೋಯಿತೋ, ನರಕ್ಕೆ ಹೇಳಿತೋ? 1981ರಲ್ಲಿ ಸ್ಮಿತ್ ಮತ್ತು ಜೊತೆಗಾರರು ಇಲಿಗಳ ವೇಗಸ್ ನರವನ್ನು ಹೊಟ್ಟೆಯಲ್ಲಿ ಕತ್ತರಿಸಿ, ಮತ್ತೆ ಸಿಸಿಕೆ ಕೊಟ್ಟರು. ಪರಿಣಾಮ ಹೋಯಿತು. ಯಕೃತ್ತಿನ ಕವಲು ಕತ್ತರಿಸಿದರೆ ಏನೂ ಆಗಲಿಲ್ಲ. ಜಠರದ ಕವಲು ಕತ್ತರಿಸಿದಾಗ ಪರಿಣಾಮ ಕುಸಿಯಿತು. ಅದೇ ವರ್ಷ ಇನ್ನೊಂದು ತಂಡ ಇಲಿಯ ವೇಗಸ್ ನರಕ್ಕೆ ದಾರ ಬಿಗಿದು ನೋಡಿತು. ಸಾಗುತ್ತಿದ್ದ ಸಿಸಿಕೆ ರಿಸೆಪ್ಟರ್‌ಗಳು ಗಂಟಿನ ಹತ್ತಿರ ಗುಂಪುಗೂಡಿದ್ದವು. ರಿಸೆಪ್ಟರ್ ನರದೊಳಗೇ ಪ್ರಯಾಣ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕೇ? ಎರಡೂ ಪ್ರಯೋಗ ಒಟ್ಟಿಗೆ ಓದಿದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಜಪಾನಿನಲ್ಲಿ ಓಎಲ್‌ಇಟಿಎಫ್ ಎಂಬ ಇಲಿಯ ತಳಿ ಇದೆ. ಅದರಲ್ಲಿ ಸಿಸಿಕೆಯ ಮೊದಲನೇ ಬಗೆಯ ರಿಸೆಪ್ಟರ್ ಹುಟ್ಟಿನಿಂದಲೇ ಇಲ್ಲ. ಅವು ಒಂದೊಂದು ಸಲಕ್ಕೂ ಜಾಸ್ತಿ ತಿನ್ನುತ್ತವೆ, ದಪ್ಪಗಾಗುತ್ತವೆ, ಆಮೇಲೆ ಶುಗರ್ ಬರುತ್ತದೆ.

ಪ್ರಯೋಗದಲ್ಲಿ ಮೆಣಸಿನಕಾಯಿ ಸಾರದಿಂದ ನರ ಸಾಯಿಸ್ತಾರಂತೆ. ನಾವು ಖಾರ ತಿಂದ್ರೂ ಹಾಗಾಗುತ್ತಾ?

ಹೆದರಬೇಡಿ. ಪ್ರಯೋಗಾಲಯದಲ್ಲಿ ಕ್ಯಾಪ್ಸೈಸಿನ್ ಅನ್ನು ದೊಡ್ಡ ಪ್ರಮಾಣದಲ್ಲಿ ಚುಚ್ಚುತ್ತಾರೆ, ಇಲ್ಲವೇ ನೇರ ನರಕ್ಕೇ ಹಚ್ಚುತ್ತಾರೆ. ಆಗ ಸುದ್ದಿ ಒಯ್ಯುವ ತೆಳು ಎಳೆಗಳು ಹಾಳಾಗುತ್ತವೆ, ಆಜ್ಞೆ ತರುವ ಎಳೆಗಳು ಉಳಿಯುತ್ತವೆ. ಯಾವ ದಿಕ್ಕಿನ ಎಳೆ ಏನು ಮಾಡುತ್ತದೆ ಎಂದು ಬಿಡಿಸಿ ನೋಡಲು ಇದು ಅನುಕೂಲ. ಸಾರಿನ ಖಾರಕ್ಕೆ ಆ ಶಕ್ತಿ ಇಲ್ಲ.

ತುಪ್ಪ, ಎಣ್ಣೆ ಇರೋ ಊಟ ಮಾಡಿದ್ರೆ ತುಂಬಾ ಹೊತ್ತು ಹಸಿವಾಗಲ್ಲ. ಯಾಕೆ?

ಕೊಬ್ಬು ಸಣ್ಣ ಕರುಳಿಗೆ ಬಂದು ಜೀರ್ಣವಾಗಿ ಕೊಬ್ಬಿನಾಮ್ಲಗಳಾದಾಗ ಸಿಸಿಕೆ ಹೊರಬರುತ್ತದೆ. ಅದು ವೇಗಸ್ ತುದಿಗೆ ತಟ್ಟುತ್ತದೆ. ಸುದ್ದಿ ಮಿದುಳಿನ ಬುಡಕ್ಕೆ ಹೋಗುತ್ತದೆ. ಅಲ್ಲಿಂದ ಅದೇ ನರದ ಇನ್ನೊಂದು ಎಳೆಯಲ್ಲಿ ಆಜ್ಞೆ ಬರುತ್ತದೆ: ಜಠರದ ಮೇಲ್ಭಾಗ ಸಡಿಲವಾಗಲಿ, ಕೆಳಗಿನ ಬಾಗಿಲು ಬಿಗಿಯಾಗಲಿ. ಹೀಗೆ ಜಠರ ತನ್ನಲ್ಲಿರುವುದನ್ನು ನಿಧಾನವಾಗಿ ಬಿಡುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 2ರಿಂದ 4 ಕ್ಯಾಲರಿಯಷ್ಟು ಮಾತ್ರ.

ಎಲ್ಲ ಕೊಬ್ಬಿನಾಮ್ಲಗಳೂ ಸಿಸಿಕೆಯನ್ನು ಹೊರಡಿಸುವುದಿಲ್ಲ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ 12 ಇಂಗಾಲವಿರುವ ಕೊಬ್ಬಿನಾಮ್ಲ ಸಿಸಿಕೆ ಹೊರಡಿಸಿತು, 10 ಇಂಗಾಲದ್ದು ಹೊರಡಿಸಲಿಲ್ಲ. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದಲ್ಲಿ ಸರಿಯಾಗಿ 12 ಇಂಗಾಲ ಇವೆ. ಹಾಗಂತ ತೆಂಗಿನೆಣ್ಣೆ ಕುಡಿದು ತೂಕ ಇಳಿಸುವ ಯೋಚನೆ ಬೇಡ. ಅದರ ಕ್ಯಾಲರಿಯನ್ನೂ ಲೆಕ್ಕ ಹಿಡಿಯಬೇಕಲ್ವಾ.

ಕೀಮೋ ಮಾಡಿಸಿಕೊಂಡಾಗ ವಾಂತಿಗೆ ಕೊಡೋ ಮಾತ್ರೆಗೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ ಇದೆ. ಸಿರೊಟೋನಿನ್ ಎಂಬುದು ಕೋಶದಿಂದ ನರಕ್ಕೆ ಸುದ್ದಿ ಮುಟ್ಟಿಸುವ ಒಂದು ರಾಸಾಯನಿಕ. ದೇಹದ ಸಿರೊಟೋನಿನ್‌ನಲ್ಲಿ ಶೇಕಡ 90ಕ್ಕೂ ಹೆಚ್ಚು ಇರುವುದು ಕರುಳಿನಲ್ಲಿ. ಸಿಸ್‌ಪ್ಲಾಟಿನ್‌ನಂಥ ಔಷಧ ಕರುಳಿನ ಒಳಪದರವನ್ನು ಕೆಣಕಿದಾಗ ಸಿರೊಟೋನಿನ್ ಒಮ್ಮೆಲೇ ಸುರಿಯುತ್ತದೆ. ವೇಗಸ್ ತುದಿಯಲ್ಲಿರುವ 5-ಎಚ್‌ಟಿ3 ರಿಸೆಪ್ಟರ್ ಅದನ್ನು ಹಿಡಿಯುತ್ತದೆ. ಮಿದುಳಿನ ಬುಡಕ್ಕೆ ಸುದ್ದಿ ಹೋಗುತ್ತದೆ, ವಾಂತಿ ಬರುತ್ತದೆ. ಆನ್‌ಡಾನ್‌ಸೆಟ್ರಾನ್ ಆ ರಿಸೆಪ್ಟರನ್ನು ಮುಚ್ಚಿಬಿಡುತ್ತದೆ. ನಮ್ಮಲ್ಲಿ ಎಮೆಸೆಟ್ ಎಂದು ಕೇಳಿ ತರುವುದು ಇದನ್ನೇ. ಈ ವರ್ಗದ ಔಷಧ ಬರುವ ಮೊದಲು ಎಷ್ಟೋ ಜನ ವಾಂತಿ ತಾಳಲಾರದೆ ಚಿಕಿತ್ಸೆಯನ್ನೇ ಬಿಡುತ್ತಿದ್ದರು. ನರದ ತುದಿಯ ಒಂದು ಪ್ರೋಟೀನನ್ನು ಅರಿತದ್ದರಿಂದ ಇಷ್ಟು ಜನರ ಸಂಕಟ ಕಡಿಮೆಯಾಗಿದೆ.

ಗ್ರೆಲಿನ್ ಹಸಿವಿನ ಹಾರ್ಮೋನು ಅಂತಾರಲ್ಲ, ಅದೂ ನರಕ್ಕೇ ಹೇಳುತ್ತಾ?

1999ರಲ್ಲಿ ಜಪಾನಿನ ಮಸಯಸು ಕೊಜಿಮಾ, ಕೆಂಜಿ ಕಂಗಾವಾ ಮತ್ತು ಜೊತೆಗಾರರು ಗ್ರೆಲಿನ್ ಕಂಡುಹಿಡಿದರು. ಅದರ ರಿಸೆಪ್ಟರ್ ವೇಗಸ್ ನರಕೋಶಗಳಲ್ಲಿ ಇದೆ. ಸಿಸಿಕೆ ಈ ನರವನ್ನು ಎಬ್ಬಿಸಿದರೆ ಗ್ರೆಲಿನ್ ಅದನ್ನು ತಣ್ಣಗೆ ಮಾಡುತ್ತದೆ. ಆದರೆ ಹಸಿವು ಹುಟ್ಟಿಸಲು ಗ್ರೆಲಿನ್‌ಗೆ ವೇಗಸ್ ಬೇಕೇ ಬೇಕೋ ಎಂಬಲ್ಲಿ ತಕರಾರು ಉಂಟು. 2002ರ ಒಂದು ಪ್ರಯೋಗ ಬೇಕು ಎಂದಿತು. 2006ರ ಇನ್ನೊಂದು, ಮೇಲಕ್ಕೆ ಹೋಗುವ ಎಳೆಗಳನ್ನಷ್ಟೇ ಕತ್ತರಿಸಿ, ಬೇಡ ಎಂದಿತು. ಗ್ರೆಲಿನ್ ಎರಡೂ ದಾರಿ ಹಿಡಿಯುತ್ತದೆ, ಮಿದುಳಿನ ದಾರಿ ಹೆಚ್ಚು ಬಲವಾದದ್ದು ಎಂದು ನನ್ನ ಅಭಿಪ್ರಾಯ.

ತೂಕ ಇಳಿಸೋ ಇಂಜೆಕ್ಷನ್ ಈ ನರದ ಮೇಲೇ ಕೆಲಸ ಮಾಡುತ್ತಾ?

2025ರಲ್ಲಿ ಮೌಂಜಾರೋ, ವೆಗೋವಿ ಭಾರತಕ್ಕೆ ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ವೆಗೋವಿಯಲ್ಲಿರುವ ಸೆಮಗ್ಲುಟೈಡ್ ಜಿಎಲ್‌ಪಿ-1 ರಿಸೆಪ್ಟರ್ ಮೇಲೆ ಕೂರುತ್ತದೆ. ಮೌಂಜಾರೋದ ಟಿರ್ಜೆಪಟೈಡ್ ಅದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ರಿಸೆಪ್ಟರ್ ಮೇಲೂ ಕೂರುತ್ತದೆ.

ಇಲ್ಲಿ ಎರಡು ಸಂಗತಿಯನ್ನು ಬೇರೆ ಮಾಡಿ ನೋಡಬೇಕು. ನಿಮ್ಮ ಕರುಳೇ ಮಾಡುವ ಜಿಎಲ್‌ಪಿ-1 ಕೆಲವೇ ನಿಮಿಷ ಬದುಕುತ್ತದೆ. ಅದು ಬಹುಮಟ್ಟಿಗೆ ಹತ್ತಿರದ ನರಕ್ಕೆ ಹೇಳಿ ಮುಗಿಯುತ್ತದೆ. 2016ರಲ್ಲಿ ಇಲಿಗಳ ವೇಗಸ್ ನರಕೋಶದಲ್ಲಿ ಮಾತ್ರ ಜಿಎಲ್‌ಪಿ-1 ರಿಸೆಪ್ಟರನ್ನು ತಗ್ಗಿಸಿ ನೋಡಿದರು. ಊಟದ ಗಾತ್ರ ಹೆಚ್ಚಿತು, ಜಠರ ಬೇಗ ಖಾಲಿಯಾಯಿತು, ಊಟದ ನಂತರದ ಸಕ್ಕರೆ ಏರಿತು. ದಿನದ ಒಟ್ಟು ಆಹಾರ, ತೂಕ ಬದಲಾಗಲಿಲ್ಲ.

ಇಂಜೆಕ್ಷನ್ನಿನ ಕಥೆಯೇ ಬೇರೆ. ಸೆಮಗ್ಲುಟೈಡ್ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಅಷ್ಟು ದಿನ ರಕ್ತದಲ್ಲಿ ಸುತ್ತುತ್ತಾ, ಮಿದುಳಿನಲ್ಲಿ ರಕ್ತದ ತಡೆಗೋಡೆ ಸಡಿಲವಿರುವ ಜಾಗಗಳನ್ನು ತಲುಪುತ್ತದೆ. ಇದೇ ಗುಂಪಿನ ಲಿರಾಗ್ಲುಟೈಡ್ ಅನ್ನು ವೇಗಸ್ ನರದಲ್ಲಿ ಈ ರಿಸೆಪ್ಟರ್ ಇಲ್ಲದ ಇಲಿಗಳಿಗೆ ಕೊಟ್ಟರೂ ತೂಕ ಇಳಿಯಿತು. ಅಂದರೆ ತೂಕ ಇಳಿಯುವುದಕ್ಕೆ ಮುಖ್ಯ ದಾರಿ ಮಿದುಳಿನದೇ. ಹಾಗಾಗಿ ಈ ಇಂಜೆಕ್ಷನ್ನುಗಳು ಕರುಳಿನ ಸಹಜ ಕೆಲಸವನ್ನೇ ಹೆಚ್ಚಿಸುತ್ತವೆ ಎನ್ನುವ ಜಾಹೀರಾತಿನ ಮಾತು ಅರ್ಧ ಸತ್ಯ.

ಈ ಔಷಧ ತಗೊಳ್ಳುವವರು ಯಾವುದೇ ಆಪರೇಷನ್ನಿಗೆ ಮೊದಲು ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಜಠರ ನಿಧಾನವಾಗಿ ಖಾಲಿಯಾಗುವುದರಿಂದ ಉಪವಾಸ ಇದ್ದರೂ ಒಳಗೆ ಆಹಾರ ಉಳಿದಿರಬಹುದು. ಅದು ಶ್ವಾಸನಾಳಕ್ಕೆ ಹೋದರೆ ಅಪಾಯ.

ಶುಗರ್ ಇದ್ದವರಿಗೆ ಈ ನರಕ್ಕೆ ಏನಾದ್ರೂ ಆಗುತ್ತಾ?

ಆಗಬಹುದು. ವರ್ಷಗಟ್ಟಲೆ ಸಕ್ಕರೆ ಹತೋಟಿ ತಪ್ಪಿದ್ದರೆ ಕಾಲಿನ ನರದಂತೆ ವೇಗಸ್ ನರವೂ ಸೊರಗುತ್ತದೆ. ಜಠರ ಜಡವಾಗುತ್ತದೆ. ಸ್ವಲ್ಪ ತಿಂದರೂ ಹೊಟ್ಟೆ ಉಬ್ಬರ, ವಾಕರಿಕೆ, ಹಿಂದಿನ ಊಟವೇ ವಾಂತಿಯಲ್ಲಿ ಬರುವುದು ಇದರ ಗುರುತು. ಆಹಾರ ಯಾವಾಗ ಕರುಳಿಗೆ ಇಳಿಯುತ್ತದೋ ಗೊತ್ತಾಗದೆ ಇನ್ಸುಲಿನ್ ಲೆಕ್ಕವೂ ತಪ್ಪುತ್ತದೆ. ಇದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಿ ಮಾತ್ರೆ ನುಂಗುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

## ಆಳದ ಪ್ರಶ್ನೆಗಳು

ಪಾವ್ಲೋವ್ ನರ ಅಂದ್ರು, ಬೇಲಿಸ್–ಸ್ಟಾರ್ಲಿಂಗ್ ಹಾರ್ಮೋನು ಅಂದ್ರು. ಕೊನೆಗೆ ಯಾರು ಸರಿ?

ಆಮ್ಲ ಸಣ್ಣ ಕರುಳಿಗೆ ಬಂದಾಗ ಮೇದೋಜೀರಕ ಗ್ರಂಥಿ ರಸ ಸುರಿಸುವುದು ನರದ ಕೆಲಸ ಎಂದು ಪಾವ್ಲೋವ್ ತಂಡ ನಂಬಿತ್ತು. ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿನ ಒಂದು ಸುರುಳಿಯ ನರಗಳನ್ನೆಲ್ಲ ಬಿಡಿಸಿ ಆಮ್ಲ ಹಾಕಿದರು. ಆದರೂ ರಸ ಬಂತು. ಅಲ್ಲಿಗೆ ಹಾರ್ಮೋನು ಗೆದ್ದಿತು ಎಂದು ಪಠ್ಯಪುಸ್ತಕಗಳು ಕಥೆ ಮುಗಿಸುತ್ತವೆ.

ನನಗೆ ಆ ಮುಗಿಸುವ ರೀತಿ ಒಪ್ಪಿಗೆಯಾಗುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಚುಂಗ್ ಓವ್ಯಾಂಗ್ ತಂಡ, ಊಟದ ನಂತರ ಸಹಜವಾಗಿ ಏರುವಷ್ಟೇ ಸಿಸಿಕೆ ಕೊಟ್ಟು ನೋಡಿತು. ಇಲಿಯ ವೇಗಸ್ ನರದ ಸುದ್ದಿ ಒಯ್ಯುವ ಎಳೆಗಳು ಹಾಳಾಗಿದ್ದರೆ ಮೇದೋಜೀರಕದ ಕಿಣ್ವ ಸ್ರವಿಸಲಿಲ್ಲ. ಪ್ರಮಾಣ ವಿಪರೀತ ಹೆಚ್ಚಿಸಿದಾಗ ಮಾತ್ರ ಹಾರ್ಮೋನು ಗ್ರಂಥಿಗೆ ನೇರವಾಗಿ ಕೆಲಸ ಮಾಡಿಸಿತು. ಸಿಕ್ರೀಟಿನ್ ವಿಷಯದಲ್ಲೂ ಇಂಥದ್ದೇ ಫಲಿತಾಂಶ ಬಂತು. ಹಾರ್ಮೋನು ಮಾತಾಡುತ್ತದೆ, ಕೇಳುವುದು ನರ. ಇಬ್ಬರ ಹತ್ತಿರವೂ ಅರ್ಧರ್ಧ ಉತ್ತರ ಇತ್ತು.

ಸಿಸಿಕೆಯನ್ನೇ ಔಷಧ ಮಾಡಿ ಕೊಡಬಾರದಾ?

ಮಾಡಿ ನೋಡಿದರು. ಇಲಿಗಳಿಗೆ ಪ್ರತಿ ಊಟದ ಹೊತ್ತಿಗೂ ಸಿಸಿಕೆ ಸಿಗುವಂತೆ ಮಾಡಿದ 1984ರ ಪ್ರಯೋಗದಲ್ಲಿ ಒಂದೊಂದು ಊಟವೂ ಚಿಕ್ಕದಾಯಿತು. ಆದರೆ ಇಲಿಗಳು ಹೆಚ್ಚು ಸಲ ತಿಂದು ಸರಿದೂಗಿಸಿಕೊಂಡವು. ಮನುಷ್ಯರಿಗೆ ಮಾತ್ರೆಯಾಗಿ ಕೊಡಬಲ್ಲ, ಇದೇ ರಿಸೆಪ್ಟರ್ ಮೇಲೆ ಕೂರುವ ಔಷಧವೊಂದರ ಪರೀಕ್ಷೆಯ ಫಲ 2008ರಲ್ಲಿ ಪ್ರಕಟವಾಯಿತು. ತೂಕ ಇಳಿಯಲಿಲ್ಲ. ಇದಲ್ಲದೆ ಪಿತ್ತಕೋಶ, ಮೇದೋಜೀರಕ ಎರಡನ್ನೂ ಸದಾ ಕೆಣಕುವ ಭಯವೂ ಇದೆ. ಈ ಊಟ ಇಲ್ಲಿಗೆ ಸಾಕು ಎನ್ನುವುದು ಸಿಸಿಕೆಯ ಕೆಲಸ. ತಿಂಗಳುಗಟ್ಟಲೆಯ ತೂಕವನ್ನು ನೋಡಿಕೊಳ್ಳುವ ವ್ಯವಸ್ಥೆ ಬೇರೆ.

ಹಸಿದಾಗ ಒಂದು ಥರ, ಉಂಡಾಗ ಒಂದು ಥರ ನರವೇ ಬದಲಾಗುತ್ತೆ ಅಂತ ಓದಿದೆ. ಅದೇನು?

ಲಿವರ್‌ಪೂಲ್‌ನ ಗ್ರಹಾಂ ಡಾಕ್ರೇ ತಂಡ 2004ರಿಂದ ಈಚೆಗೆ ತೋರಿಸಿದ್ದು ಇದು. ಉಪವಾಸವಿದ್ದ ಇಲಿಯ ನೋಡೋಸ್ ಕೋಶಗಳಲ್ಲಿ ಸಿಬಿ1 ರಿಸೆಪ್ಟರ್ ಜಾಸ್ತಿ ಇರುತ್ತದೆ. ಇದು ತಿನ್ನಲು ಪ್ರೇರೇಪಿಸುವ ಬಗೆಯದು. ಊಟ ಕೊಟ್ಟರೆ, ಇಲ್ಲವೇ ಬರೀ ಸಿಸಿಕೆ ಕೊಟ್ಟರೂ, ಕೆಲವೇ ಗಂಟೆಯಲ್ಲಿ ಅದು ಇಳಿಯುತ್ತದೆ. ಸಾಕು ಎನ್ನುವ ಕಡೆಯ ವೈ2 ರಿಸೆಪ್ಟರ್ ಏರುತ್ತದೆ. ಅಂದರೆ ಸಿಸಿಕೆ ನರವನ್ನು ಆ ಕ್ಷಣಕ್ಕೆ ಕೆರಳಿಸಿ ಸುಮ್ಮನಾಗುವುದಿಲ್ಲ. ಮುಂದಿನ ಕೆಲವು ಗಂಟೆ ಅದು ಯಾವ ಸುದ್ದಿಗೆ ಕಿವಿಗೊಡಬೇಕು ಎಂಬುದನ್ನೂ ತೀರ್ಮಾನಿಸುತ್ತದೆ.

ವಾರಗಟ್ಟಲೆ ಕೊಬ್ಬು ತುಂಬಿದ ಆಹಾರ ತಿಂದ ಇಲಿಗಳಲ್ಲಿ ಈ ಬದಲಾವಣೆ ಕೆಡುತ್ತದೆ. ನರ ಸಿಸಿಕೆಗೆ, ಜಠರ ಹಿಗ್ಗುವುದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ದಪ್ಪಗಿರುವವರಿಗೆ ಬಾಯಿ ಕಟ್ಟಲು ಬರುವುದಿಲ್ಲ ಎಂದು ದೂರುವವರು ಇದನ್ನು ತಿಳಿಯಲಿ ಎಂಬುದು ನನ್ನ ಆಸೆ. ಸಾಕು ಎಂಬ ಸುದ್ದಿಯೇ ಮಂಕಾಗಿರುವಾಗ ಮನಸ್ಸಿನ ಗಟ್ಟಿತನದ ಮಾತಾಡುವುದು ಅನ್ಯಾಯ.

ಯಾವ ರಿಸೆಪ್ಟರ್ ಇರೋ ಎಳೆ ಯಾವ ಕೆಲಸ ಮಾಡುತ್ತೆ ಅಂತ ಬಿಡಿಸಿ ಹೇಳೋಕಾಗುತ್ತಾ?

ಈಗ ಸಾಧ್ಯವಾಗುತ್ತಿದೆ. ಹಾರ್ವರ್ಡ್‌ನ ಸ್ಟೀಫನ್ ಲಿಬರ್ಲೆಸ್ ತಂಡ 2016ರಲ್ಲಿ ಇಲಿಗಳಲ್ಲಿ ಕಂಡದ್ದು ಅಚ್ಚರಿಯದು. ಜಿಎಲ್‌ಪಿ-1 ರಿಸೆಪ್ಟರ್ ಇರುವ ಎಳೆಗಳು ಬಹುಮಟ್ಟಿಗೆ ಜಠರ, ಕರುಳು ಹಿಗ್ಗುವುದನ್ನು ಅರಿಯುವಂಥವು. ಕರುಳಿನಲ್ಲಿ ಆಹಾರ ಬಂದದ್ದನ್ನು ಅರಿಯುವ ಎಳೆಗಳಲ್ಲಿ ಜಿಪಿಆರ್65 ಎಂಬ ಬೇರೆ ರಿಸೆಪ್ಟರ್ ಇತ್ತು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಝಾಕರಿ ನೈಟ್ ತಂಡ, ಸಣ್ಣ ಕರುಳು ಹಿಗ್ಗುವುದನ್ನು ಅರಿಯುವ, ಆಕ್ಸಿಟೋಸಿನ್ ರಿಸೆಪ್ಟರ್ ಇರುವ ಎಳೆಗಳನ್ನು ಎಬ್ಬಿಸಿದಾಗ ಇಲಿ ತಿನ್ನುವುದು ಎಲ್ಲಕ್ಕಿಂತ ಜೋರಾಗಿ ನಿಂತಿತು ಎಂದು ತೋರಿಸಿತು.

ಇದರ ಮಧ್ಯೆ 2018ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಿಯೆಗೊ ಬೊಹೋರ್ಕೆಸ್ ತಂಡ ಇನ್ನೊಂದು ಸಂಗತಿ ಹೊರತಂದಿತು. ಹಾರ್ಮೋನು ಮಾಡುವ ಕೆಲವು ಕೋಶಗಳು ವೇಗಸ್ ಎಳೆಯ ಜೊತೆ ನೇರ ಬೆಸುಗೆ ಹಾಕಿಕೊಂಡಿವೆ. ಸಕ್ಕರೆ ಬಂದ ಸುದ್ದಿಯನ್ನು ಗ್ಲುಟಮೇಟ್ ಎಂಬ ನರ-ರಾಸಾಯನಿಕದ ಮೂಲಕ ಮಿಲಿಸೆಕೆಂಡುಗಳಲ್ಲಿ ದಾಟಿಸುತ್ತವೆ. ಅದೇ ಕೋಶ ಸಿಸಿಕೆಯನ್ನು ನಿಧಾನವಾಗಿಯೂ ಬಿಡಬಲ್ಲದು.

ಹಿಂದೆ ಅಲ್ಸರ್‌ಗೆ ವೇಗಸ್ ನರವನ್ನೇ ಕತ್ತರಿಸ್ತಿದ್ರಂತೆ. ಅವರ ಹಸಿವು ಏನಾಯ್ತು?

ಷಿಕಾಗೋದ ಲೆಸ್ಟರ್ ಡ್ರ್ಯಾಗ್‌ಸ್ಟೆಡ್ 1943ರಲ್ಲಿ ಈ ಆಪರೇಷನ್ ಶುರುಮಾಡಿದರು. ಜಠರದ ಆಮ್ಲ ಇಳಿಯುತ್ತಿತ್ತು, ಹುಣ್ಣು ಮಾಯುತ್ತಿತ್ತು. ಆದರೆ ಜಠರ ಖಾಲಿಯಾಗದೆ ನಿಲ್ಲುತ್ತಿದ್ದುದರಿಂದ ಅದರ ಕೆಳಬಾಗಿಲನ್ನೂ ಅಗಲ ಮಾಡಬೇಕಾಗುತ್ತಿತ್ತು. ಕೆಲವರಿಗೆ ಭೇದಿ ಕಾಡುತ್ತಿತ್ತು. ಹಸಿವು ಪೂರ್ತಿ ಹೋಗಲಿಲ್ಲ. ಏಕೆಂದರೆ ರಕ್ತದ ದಾರಿ ಉಳಿದಿತ್ತು, ಮಿದುಳಿನ ಸ್ವಂತ ಲೆಕ್ಕಾಚಾರವೂ ಉಳಿದಿತ್ತು. 1970ರ ದಶಕದಲ್ಲಿ ಜಠರದ ಆಮ್ಲ ತಗ್ಗಿಸುವ ಸಿಮೆಟಿಡಿನ್ ಮಾತ್ರೆ ಬಂತು. 1982ರಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಈ ಆಪರೇಷನ್ ಈಗ ಅಪರೂಪ.

ಹೀಗೆ ನರ ಕಳೆದುಕೊಂಡವರಿಂದಲೂ ವಿಜ್ಞಾನ ಕಲಿಯಿತು. 2005ರಲ್ಲಿ ಅಂಥ ಆಪರೇಷನ್ ಆದವರಿಗೆ ಗ್ರೆಲಿನ್ ಕೊಟ್ಟು ನೋಡಿದರು. ಬೇರೆಯವರು ಗ್ರೆಲಿನ್ ಪಡೆದಾಗ ಹೆಚ್ಚು ಉಂಡಂತೆ ಇವರು ಉಣ್ಣಲಿಲ್ಲ. ನರವನ್ನು ಕತ್ತರಿಸದೆ ವಿದ್ಯುತ್ತಿನಿಂದ ಆಗಾಗ ತಡೆಯುವ ಉಪಕರಣಕ್ಕೆ 2015ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ತೂಕ ಇಳಿದದ್ದು ಸಾಧಾರಣ ಮಟ್ಟಕ್ಕೆ ಮಾತ್ರ. ಒಂದೇ ನರದಲ್ಲಿ ಎಬ್ಬಿಸುವ, ತಣಿಸುವ, ವಾಕರಿಕೆ ತರುವ ಎಳೆಗಳೆಲ್ಲ ಸೇರಿರುವಾಗ ಎಲ್ಲವನ್ನೂ ಒಟ್ಟಿಗೆ ತಡೆದರೆ ಅಷ್ಟೇ ಸಿಗುವುದು. ರಿಸೆಪ್ಟರ್ ನೋಡಿ ಒಂದೊಂದು ಗುಂಪಿನ ಎಳೆಯನ್ನು ಮಾತ್ರ ಮುಟ್ಟುವುದು ಇಲಿಗಳಲ್ಲಿ ಸಾಧ್ಯವಾಗಿದೆ. ಮನುಷ್ಯರಲ್ಲಿ ಆ ಕೆಲಸ ಇನ್ನೂ ಬಾಕಿ ಇದೆ.